ಬೆರಕೆ ಮೈನರ್ ಗುರುತಿಸೋದು: ಮುಖ ಬಿಡಿ, ಬಾಲದ ಬುಡ ನೋಡಿ

ಮೊದ್ಲೇ ಹೇಳ್ಬಿಡ್ತೀನಿ, ಮೈನರ್ ಅಂದ್ರೆ ನಮ್ ಗೊರವಂಕ ಅಲ್ಲ. ಹೆಸ್ರು ಮಾತ್ರ ನಮ್ ದೇಶದ ಮೈನಾದಿಂದ ಹೋಗಿದ್ದು, ಹಕ್ಕಿ ಆಸ್ಟ್ರೇಲಿಯಾದ ಹನಿಈಟರ್ (ಹೂವಿನ ಮಕರಂದ ಹೀರೋ ಹಕ್ಕಿಗಳು) ಕುಟುಂಬದ್ದು. (ಅಸಲಿ ಗೊರವಂಕನೂ 1862ರಲ್ಲಿ ಮೆಲ್ಬೋರ್ನಿಗೆ ತಗೊಂಡ್ಹೋಗಿ ಬಿಟ್ಟಿದಾರೆ, ಹಾಗಾಗಿ ಗೊಂದಲ ಡಬಲ್.)

ಹೈಬ್ರಿಡ್, ಅಂದ್ರೆ ಎರಡು ಜಾತಿ ಬೆರೆತು ಹುಟ್ಟಿದ ಹಕ್ಕಿ, ಗುರುತಿಸೋದು ಕಲಿಯೋಕೆ ನನ್ ಪ್ರಕಾರ ಬೆಸ್ಟ್ ಕೇಸ್ ಬ್ಲ್ಯಾಕ್ ಇಯರ್ಡ್ ಮೈನರ್ ಮತ್ತೆ ಯೆಲ್ಲೋ ಥ್ರೋಟೆಡ್ ಮೈನರ್. ಮೊದಲ್ನೇದು ಮ್ಯಾಲಿ ಕಾಡಿನ ಹಕ್ಕಿ. ಮ್ಯಾಲಿ ಅಂದ್ರೆ ನೀಲಗಿರಿ ಜಾತಿದೇ, ಆದ್ರೆ ನಮ್ಮಲ್ಲಿ ನೆಟ್ಟಿರೋ ಥರ ಒಂದೇ ಕಾಂಡ ನೆಟ್ಟಗೆ ಹೋಗಲ್ಲ, ಬುಡದಿಂದ್ಲೇ ನಾಲ್ಕಾರು ಕಾಂಡ ಏಳತ್ತೆ, ಅದೂ ದಶಕಗಟ್ಲೆ ಬೆಂಕಿ ಬೀಳದ ಹಳೇ ಕಾಡೇ ಬೇಕು ಈ ಹಕ್ಕಿಗೆ. ಎರಡನೇದು ಬಯಲಿಂದು. ಗೋಧಿಗೆ, ಕುರಿಗೆ ಅಂತ ಕಾಡು ಕಡಿದ್ರು, ಕುರಿಗೆ ನೀರು ಬೇಕಲ್ಲ ಅಂತ ಹೊಂಡ ತೋಡಿದ್ರು, ಬಯಲು ಹಕ್ಕಿ ಅದನ್ನೇ ಹಿಡ್ಕೊಂಡು ಒಳಗ್ ಬಂತು, ಎರಡೂ ಜೋಡಿ ಕಟ್ಟಿದ್ವು. ಹುಟ್ಟಿದ ಮರಿಗಳು ಬಂಜೆ ಅಲ್ಲ, ಅವೂ ಮತ್ತೆ ಎರಡೂ ಕಡೆ ಕೂಡ್ತಾವೆ, ಅದಕ್ಕೇ ಕರೆಕ್ಟಾಗಿ ಅರ್ಧ-ಅರ್ಧ ಇರೋ ಹಕ್ಕಿ ಹುಡುಕ್ಬೇಡಿ, ನಡುವಿನ ಎಲ್ಲಾ ಶೇಡೂ ಸಿಗತ್ತೆ.

ಮುಖದ ಕಪ್ಪು ಪಟ್ಟಿ, ಹಳದಿ ಕೊಕ್ಕು ಎರಡಕ್ಕೂ ಇದೆ, ಬ್ಲ್ಯಾಕ್ ಇಯರ್ಡ್‌ಗೆ ಕಪ್ಪು ಜಾಸ್ತಿ ಅಷ್ಟೆ. ಹಕ್ಕಿ ನಿಮ್ಮಿಂದ ದೂರ ಹಾರೋವಾಗ ಬಾಲದ ಬುಡ ನೋಡಿ. ಯೆಲ್ಲೋ ಥ್ರೋಟೆಡ್‌ಗೆ ಅಲ್ಲಿ ಬಿಳಿಚು, ಎದ್ದು ಕಾಣತ್ತೆ, ಬಾಲದ ತುದಿನೂ ತಿಳಿ. ಬ್ಲ್ಯಾಕ್ ಇಯರ್ಡ್‌ಗೆ ಬುಡ ಬೆನ್ನಿನ ಬಣ್ಣಾನೇ, ತುದೀಲೂ ಬಿಳಿ ಇಲ್ಲ. ಬುಡ ಮಾಸಲು ಬೂದಿ ಥರ, ಅತ್ಲಾಗೂ ಇಲ್ಲ ಇತ್ಲಾಗೂ ಇಲ್ಲ ಅನ್ನಿಸ್ತಾ, ಹೈಬ್ರಿಡ್ ಅಂತ ಡೌಟ್ ಪಡಿ.

ಫೋಟೋ ನೋಡಿ ಪ್ರಾಕ್ಟೀಸ್ ಮಾಡ್ವಾಗ ನಾನು ಎಡವಿದ್ದು ಇಲ್ಲೇ. ಮಧ್ಯಾಹ್ನದ ಬಿಸಿಲಿನ ಫೋಟೋ, ಬುಡ ಬೆಳ್ಳಗಿತ್ತು, ಯೆಲ್ಲೋ ಥ್ರೋಟೆಡ್ ಅಂತ ಬರ್ದೆ. ಬ್ರೈಟ್ನೆಸ್ ಇಳಿಸಿದ್ರೆ ಬೂದಿ! ಬೆನ್ನಿನ ಜೊತೆ ಹೋಲಿಸ್ಲೇ ಇರ್ಲಿಲ್ಲ ನಾನು.

ಇನ್ನೊಂದು, ಇವು ಗುಂಪಲ್ಲೇ ಬದುಕೋ ಹಕ್ಕಿ, ಮರಿಗೆ ಉಣಿಸೋದೂ ಗುಂಪೇ. ಒಂದು ಹಕ್ಕಿ ನೋಡಿ ಇಡೀ ಗುಂಪಿಗೆ ಹೆಸರಿಡ್ಬೇಡಿ, ಒಂದೇ ಗುಂಪಲ್ಲಿ ಶುದ್ಧದ್ದೂ ಬೆರಕೆನೂ ಒಟ್ಟಿಗೆ ಇರತ್ತೆ. ಸೌತ್ ಆಸ್ಟ್ರೇಲಿಯಾದ ಗ್ಲೂಪಾಟ್, 1997ರಲ್ಲಿ ಪಕ್ಷಿಪ್ರಿಯರ ಸಂಸ್ಥೆ ಕೊಂಡ ಜಾಗ, ಅಲ್ಲಿ ಹೈಡ್ (ಹಕ್ಕಿಗೆ ಕಾಣದ ಹಾಗೆ ಕೂರೋ ಮರೆ) ಒಳಗೆ ಸುಮ್ನೆ ಕೂತು ನೋಡ್ಬಹುದು. ಕರೆ ಪ್ಲೇ ಮಾಡಿ ಕರಿಯೋದು ಬೇಡ. ನೋಟ್‌ಬುಕ್ಕಲ್ಲಿ ಹೀಗ್ ಬರೀರಿ: "ಗುಂಪು 9. ಬುಡ ಸರಿಯಾಗಿ ಕಂಡಿದ್ದು 4. ಬೆನ್ನಿನ ಬಣ್ಣದ್ದು 3, ಮಾಸಲು ಬೂದಿ 1. ಉಳಿದ 5 ಗೊತ್ತಿಲ್ಲ."