ಪದ ಪರಿಚಯ: ಅನೇಕಾಂತ

‘ನಿನ್ನ ಸತ್ಯ ನಿನಗೆ, ನನ್ನ ಸತ್ಯ ನನಗೆ’ ಎಂದು ಚರ್ಚೆ ಮುಗಿಸುವವರು ಕೆಲವೊಮ್ಮೆ ಜೈನರ ಅನೇಕಾಂತವಾದವನ್ನು ಸಾಕ್ಷಿಗೆ ಕರೆಯುತ್ತಾರೆ. ಸತ್ಯವೂ ನೀತಿಯೂ ಅವರವರ ನಂಬಿಕೆಗೆ ಬಿಟ್ಟದ್ದು ಎಂದು ಜೈನರು ಎಂದೋ ಒಪ್ಪಿದ್ದರಂತೆ. ಆ ದರ್ಶನಕ್ಕೆ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ.

‘ಅಂತ’ ಎಂದರೆ ಇಲ್ಲಿ ವಸ್ತುವಿನ ಒಂದು ಧರ್ಮ, ಅಂದರೆ ಗುಣ, ಒಂದು ಮುಖ. ಒಂದೇ ವಸ್ತುವಿನಲ್ಲಿ ಹಲವು ಧರ್ಮಗಳು, ಪರಸ್ಪರ ವಿರುದ್ಧವೆಂದು ತೋರುವಂಥವು ಕೂಡ, ನಿಜವಾಗಿಯೂ ಇವೆ ಎಂಬುದೇ ಅನೇಕಾಂತ. ಜೈನ ದರ್ಶನದ ಮೂಲಗ್ರಂಥಗಳಲ್ಲೊಂದಾದ ತತ್ತ್ವಾರ್ಥಸೂತ್ರ ಇದನ್ನು ‘ಉತ್ಪಾದವ್ಯಯಧ್ರೌವ್ಯಯುಕ್ತಂ ಸತ್’ ಎಂಬ ಸೂತ್ರದಲ್ಲಿ ಹಿಡಿದಿಟ್ಟಿದೆ. ಹುಟ್ಟುವುದು, ಅಳಿಯುವುದು, ಉಳಿಯುವುದು ಮೂರೂ ಸೇರಿದ್ದೇ ಇರುವಿಕೆ.

ಜೈನ ತಾರ್ಕಿಕ ಸಮಂತಭದ್ರಾಚಾರ್ಯ ತನ್ನ ಆಪ್ತಮೀಮಾಂಸೆ ಎಂಬ ಗ್ರಂಥದಲ್ಲಿ ಇದಕ್ಕೆ ಕೊಡುವ ಉದಾಹರಣೆಯನ್ನು ನಿಧಾನವಾಗಿ ನೋಡಬೇಕು. ಚಿನ್ನದ ಕೊಡವೊಂದನ್ನು ಕರಗಿಸಿ ಕಿರೀಟ ಮಾಡುತ್ತಾರೆ. ಕೊಡ ಬೇಕೆಂದಿದ್ದವನಿಗೆ ದುಃಖ, ಕಿರೀಟ ಬೇಕೆಂದಿದ್ದವನಿಗೆ ಸಂತೋಷ. ಚಿನ್ನವಷ್ಟೇ ಸಾಕು ಎಂದವನಿಗೆ ಎರಡೂ ಇಲ್ಲ. ಮೂವರ ಮನಸ್ಸು ಮೂರು ದಿಕ್ಕಿಗಿದೆ. ಇಲ್ಲಿಗೆ ನಿಲ್ಲಿಸಿದರೆ ‘ಎಲ್ಲವೂ ನೋಡುವವನ ಮನಸ್ಸಿನಲ್ಲಿದೆ’ ಎಂದು ಹೇಳಿಬಿಡಬಹುದು. ಸಮಂತಭದ್ರ ನಿಲ್ಲಿಸುವುದಿಲ್ಲ. ಶ್ಲೋಕದ ಕೊನೆಯಲ್ಲಿ ‘ಸಹೇತುಕಂ’ ಎನ್ನುತ್ತಾನೆ: ಈ ಮೂರು ಭಾವಗಳಿಗೂ ಕಾರಣವಿದೆ. ಕೊಡ ನಿಜವಾಗಿ ನಾಶವಾಗಿದೆ, ಕಿರೀಟ ನಿಜವಾಗಿ ಹುಟ್ಟಿದೆ, ಚಿನ್ನ ನಿಜವಾಗಿ ಉಳಿದಿದೆ. ಮೂವರೂ ಒಂದೇ ವಸ್ತುವಿನ ಮೂರು ಮುಖಗಳಿಗೆ ಸರಿಯಾಗಿಯೇ ಸ್ಪಂದಿಸಿದ್ದಾರೆ. ಕೊಡ ಹಾಗೆಯೇ ಇದೆ ಎಂದು ನಾಲ್ಕನೆಯವನೊಬ್ಬ ನಂಬಿದ್ದರೆ, ಅದು ‘ಅವನ ಸತ್ಯ’ ಆಗುವುದಿಲ್ಲ. ಅದು ತಪ್ಪು ತಿಳಿವಳಿಕೆ.

ಹೀಗೆ ಒಂದು ಮುಖವನ್ನು ಹಿಡಿದು ನೋಡುವ ನೋಟಕ್ಕೆ ‘ನಯ’ ಎಂದು ಹೆಸರು. ಒಂದು ನಯ ತಪ್ಪಲ್ಲ. ಉಳಿದವನ್ನು ತಳ್ಳಿಹಾಕಿದಾಗ ತಪ್ಪಾಗುತ್ತದೆ. ‘ನಿರಪೇಕ್ಷಾ ನಯಾ ಮಿಥ್ಯಾ’, ಉಳಿದವುಗಳ ಸಂಬಂಧ ಕಡಿದುಕೊಂಡ ನಯಗಳು ಸುಳ್ಳು, ಎಂಬುದು ಆಪ್ತಮೀಮಾಂಸೆಯದೇ ಮಾತು. ಜೈನರು ಹೇಳಿಕೆಗಳಿಗೆ ಸೇರಿಸುವ ‘ಸ್ಯಾತ್’ ಎಂಬ ಪದವನ್ನೂ ‘ಬಹುಶಃ’ ಎಂದು ಓದಬಾರದು. ಅದರಲ್ಲಿ ಅನುಮಾನವಿಲ್ಲ. ಇಂಥ ದ್ರವ್ಯ (ವಸ್ತು), ಕ್ಷೇತ್ರ (ಜಾಗ), ಕಾಲ, ಭಾವದ (ಸ್ಥಿತಿಯ) ಅಪೇಕ್ಷೆಯಿಂದ, ಅಂದರೆ ದೃಷ್ಟಿಯಿಂದ, ಹೀಗೆ, ಎಂಬ ಖಚಿತವಾದ ಷರತ್ತು ಅದು.

ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿರುವ 12ನೆಯ ಶತಮಾನದ ‘ಮಲ್ಲಿಷೇಣ ಪ್ರಶಸ್ತಿ’ ಎಂಬ ಶಾಸನ ಇದೇ ಸಮಂತಭದ್ರನನ್ನು ಊರೂರಲ್ಲಿ ವಾದಭೇರಿ ಬಾರಿಸಿ ಪ್ರತಿವಾದಿಗಳನ್ನು ಕರೆದವನೆಂದು ಹೊಗಳುತ್ತದೆ. ಪಾಟಲೀಪುತ್ರ, ಮಾಳವ, ಕಂಚಿ ಎಲ್ಲವೂ ಆ ಪಟ್ಟಿಯಲ್ಲಿವೆ. ಅವರವರ ಸತ್ಯ ಅವರವರಿಗೆ ಎಂದು ನಂಬಿದವನು ಭೇರಿ ಏಕೆ ಬಾರಿಸುತ್ತಾನೆ?

ಎದುರಾಳಿಗಳೂ ಇದನ್ನು ವಸ್ತುವಿನ ಬಗೆಗಿನ ವಾದವೆಂದೇ ತಿಳಿದಿದ್ದರು. ಒಂದೇ ವಸ್ತುವಿನಲ್ಲಿ ವಿರುದ್ಧ ಧರ್ಮಗಳು ಒಟ್ಟಿಗೆ ಇರಲಾರವು ಎಂದು ಶಂಕರರು ಬ್ರಹ್ಮಸೂತ್ರ ಭಾಷ್ಯದಲ್ಲಿ ಆಕ್ಷೇಪಿಸುತ್ತಾರೆ. ಗಟ್ಟಿಯಾದ ಆಕ್ಷೇಪವೇ. ಒಂದೇ ಅಪೇಕ್ಷೆಯಿಂದ ನಾವು ಹಾಗೆ ಹೇಳುವುದಿಲ್ಲ ಎಂಬುದು ಜೈನರ ಉತ್ತರ.

ನೀತಿಯ ವಿಷಯಕ್ಕೆ ಬಂದಾಗ ಈ ವ್ಯತ್ಯಾಸಕ್ಕೆ ಇನ್ನಷ್ಟು ಬೆಲೆ. ಶ್ವೇತಾಂಬರರ ಆಗಮವಾದ ಭಗವತೀ ಸೂತ್ರದಲ್ಲಿ ಜಯಂತಿ ಎಂಬ ಶ್ರಾವಿಕೆ (ಜೈನ ಗೃಹಸ್ಥೆ) ಮಹಾವೀರನನ್ನು ಕೇಳುತ್ತಾಳೆ: ನಿದ್ದೆ ಒಳ್ಳೆಯದೋ, ಎಚ್ಚರ ಒಳ್ಳೆಯದೋ? ಕೆಲವರಿಗೆ ನಿದ್ದೆ, ಕೆಲವರಿಗೆ ಎಚ್ಚರ ಎಂಬುದು ಉತ್ತರ. ಅಧರ್ಮಿ ಮಲಗಿದ್ದರೆ ಬೇರೆ ಜೀವಿಗಳಿಗೆ ಹಿಂಸೆ ತಪ್ಪುತ್ತದೆ. ಧರ್ಮಿ ಎಚ್ಚರವಿದ್ದರೆ ಅವಕ್ಕೆ ಹಿತ. ಒಳಿತು ಇಲ್ಲಿ ಸಂದರ್ಭಕ್ಕೆ ತಕ್ಕಂತೆ ಬದಲಾಗಿದೆ, ಆದರೆ ಯಾರ ಇಷ್ಟಕ್ಕೂ ತಕ್ಕಂತೆ ಬದಲಾಗಿಲ್ಲ. ಜೀವಿಗಳಿಗೆ ನೋವಾಯಿತೇ ಎಂಬ ಅಳತೆಗೋಲು ಎರಡೂ ಕಡೆ ಒಂದೇ. ಸನ್ಯಾಸಿಗೆ ಅಹಿಂಸೆ ಮಹಾವ್ರತ (ಪೂರ್ಣ ವ್ರತ), ಗೃಹಸ್ಥನಿಗೆ ಅಣುವ್ರತ (ಸೀಮಿತ ವ್ರತ) ಎಂದು ಮಿತಿ ಬೇರೆ ಮಾಡಿದವರು, ಹಿಂಸೆ ಕೆಲವರ ದೃಷ್ಟಿಯಲ್ಲಿ ಒಳ್ಳೆಯದಿರಬಹುದು ಎಂದು ಹೇಳಲಿಲ್ಲ.

ಮನಸ್ಸಿನ ಪಾಲು ಏನೂ ಇಲ್ಲವೆಂದಲ್ಲ. ಪಂಪನಿಗೆ ಆಶ್ರಯವಿತ್ತ ವೇಮುಲವಾಡದ ಚಾಲುಕ್ಯರ ನೆಲದಲ್ಲೇ 959ರಲ್ಲಿ ಯಶಸ್ತಿಲಕ ಎಂಬ ಸಂಸ್ಕೃತ ಕಾವ್ಯವನ್ನು ಮುಗಿಸಿದ ಜೈನ ಆಚಾರ್ಯ ಸೋಮದೇವಸೂರಿ, ಕೊಂದರೂ ಪಾಪ ತಟ್ಟದವನು ಉಳುವ ರೈತ, ಕೊಲ್ಲದಿದ್ದರೂ ಪಾಪಿಯಾಗುವವನು ಬೆಸ್ತ ಎನ್ನುತ್ತಾನೆ. ಸಂಕಲ್ಪ ಬೇರೆ, ಆದ್ದರಿಂದ ಪಾಪವೂ ಬೇರೆ. ಸಂಕಲ್ಪ ಒಳಗಿನದು ನಿಜ, ಆದರೆ ಅದೂ ಜಗತ್ತಿನ ಒಂದು ಸಂಗತಿಯೇ. ನನ್ನ ಸಂಕಲ್ಪ ಶುದ್ಧವೆಂದು ನಾನು ನಂಬಿದ ಮಾತ್ರಕ್ಕೆ ಅದು ಶುದ್ಧವಾಗುವುದಿಲ್ಲ.

ಈ ಉದಾಹರಣೆಯನ್ನು ನಾನು ಪೂರ್ತಿ ಒಪ್ಪಲಾರೆ. ನೇಗಿಲು ಹಿಡಿದವನಿಗೆ ಸಿಕ್ಕ ರಿಯಾಯಿತಿ ಬಲೆ ಹಿಡಿದವನಿಗೆ ಸಿಕ್ಕಿಲ್ಲ. ಅವನ ಹಸಿವು, ಅವನ ಮಕ್ಕಳು, ಬೇರೆ ಕಸುಬಿಗೆ ಹೋಗಲು ಬಿಡದ ಸಮಾಜ ಯಾವುದೂ ಲೆಕ್ಕಕ್ಕೆ ಬಂದಿಲ್ಲ. ಆದರೂ ಸೋಮದೇವನಿಗೆ ‘ಅದು ನಿನ್ನ ಅಭಿಪ್ರಾಯ’ ಎಂದು ಹೇಳಿ ಸುಮ್ಮನಾಗುವ ಹಾಗಿಲ್ಲ. ಅವನು ಕೈಬಿಟ್ಟ ಅಪೇಕ್ಷೆ ಯಾವುದೆಂದು ತೋರಿಸಿ, ಅವನದೇ ಪರಂಪರೆಯ ನಿಯಮದಂತೆ ಅವನೊಡನೆ ವಾದಕ್ಕೆ ಕೂರಬೇಕು.