ಎಂಡೋ ಬೆಲ್ಲಿ: ಬರೀ ಗ್ಯಾಸ್ ಅಲ್ಲದ ಹೊಟ್ಟೆ ಉಬ್ಬರ

ಬೆಳಿಗ್ಗೆ ಸೀರೆ ಉಟ್ಟಾಗ ಲಂಗದ ಲಾಡಿ ಸರಿಯಾಗೇ ಇತ್ತು. ಮದುವೆಮನೆಯಲ್ಲಿ ಊಟದ ಪಂಕ್ತಿಗೆ ಕೂರುವ ಹೊತ್ತಿಗೆ ಅದೇ ಲಾಡಿ ಸೊಂಟ ಕೊಯ್ಯುತ್ತಿತ್ತು. ಎಲೆಗೆ ಇನ್ನೂ ಅನ್ನ ಬಿದ್ದಿರಲಿಲ್ಲ. ಪಕ್ಕದಲ್ಲಿದ್ದ ದೊಡ್ಡಮ್ಮ ನನ್ನ ಹೊಟ್ಟೆ ನೋಡಿ, ದನಿ ತಗ್ಗಿಸಿ, "ಏನಮ್ಮಾ, ವಿಶೇಷಾನಾ?" ಅಂದರು. ವಿಶೇಷ ಏನೂ ಇರಲಿಲ್ಲ. ಮುಟ್ಟಿಗೆ ಮೂರು ದಿನ ಬಾಕಿ ಇತ್ತು, ಅಷ್ಟೇ.

ಆ ಹೊಟ್ಟೆಗೂ ಒಂದು ಹೆಸರಿದೆ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಎಂಡೋ ಬೆಲ್ಲಿ. ಇದು ಡಾಕ್ಟರುಗಳು ಇಟ್ಟ ಹೆಸರಲ್ಲ. ಯಾವ ಸ್ಕ್ಯಾನ್ ರಿಪೋರ್ಟಿನಲ್ಲೂ ಈ ಪದ ಇರುವುದಿಲ್ಲ. ಎಂಡೊಮೆಟ್ರಿಯೋಸಿಸ್ ಇರುವ ಹೆಂಗಸರ ನಡುವೆ ಬಳಕೆಗೆ ಬಂದ ಮಾತು ಇದು. ಆ ಕಾಯಿಲೆ ಇರುವವರಿಗೆ ಹೊಟ್ಟೆ ಗಟ್ಟಿಯಾಗಿ, ನೋಯುತ್ತಾ, ಕೆಲವೇ ಗಂಟೆಗಳಲ್ಲಿ ಊದಿಕೊಳ್ಳುವುದಕ್ಕೆ ಹೀಗೆ ಹೇಳುತ್ತಾರೆ. ನಮ್ಮಲ್ಲಿ ಹೊಟ್ಟೆ ಉಬ್ಬರ, ವಾಯು, ಗ್ಯಾಸ್ ಎಂಬ ಮಾತುಗಳಿವೆ, ನಿಜ. ಆದರೆ ಅವೆಲ್ಲ ತಿಂದದ್ದರ ಕಡೆಗೇ ಬೆರಳು ತೋರಿಸುತ್ತವೆ. ಈ ಉಬ್ಬರ ಮುಖ್ಯವಾಗಿ ನೋಡುವುದು ಕ್ಯಾಲೆಂಡರನ್ನು.

ಎಂಡೊಮೆಟ್ರಿಯೋಸಿಸ್ ಪದದ ಮೂಲ ಗ್ರೀಕ್. ಎಂಡೋ ಎಂದರೆ ಒಳಗೆ, ಮೆಟ್ರಾ ಎಂದರೆ ಗರ್ಭಕೋಶ. ಗರ್ಭಕೋಶದ ಒಳಪದರಕ್ಕೆ ಎಂಡೊಮೆಟ್ರಿಯಂ ಅಂತಾರೆ. ತಮಾಷೆ ಏನೆಂದರೆ, 'ಒಳಗೆ' ಎನ್ನುವ ಹೆಸರಿನ ಈ ಕಾಯಿಲೆಯಲ್ಲಿ ಆ ಪದರವನ್ನು ಹೋಲುವ ಅಂಗಾಂಶ ಬೆಳೆಯುವುದು ಹೊರಗೆ: ಅಂಡಾಶಯದ ಮೇಲೆ, ಗರ್ಭಕೋಶದ ಹಿಂದೆ, ಕೆಲವರಿಗೆ ಕರುಳಿನ ಮೇಲೂ. ಮುಟ್ಟಿನ ರಕ್ತ ಸ್ವಲ್ಪ ಹಿಮ್ಮುಖವಾಗಿ ಹೊಟ್ಟೆಯೊಳಗೆ ಹರಿಯುವುದರಿಂದ ಹೀಗಾಗುತ್ತದೆ ಎಂಬ ವಾದವನ್ನು ಅಮೆರಿಕದ ಡಾಕ್ಟರ್ ಜಾನ್ ಸ್ಯಾಂಪ್ಸನ್ 1927ರಲ್ಲಿ ಮುಂದಿಟ್ಟರು. ಆದರೆ ಆ ಹಿಮ್ಮುಖ ಹರಿವು ಹೆಚ್ಚಿನ ಹೆಂಗಸರಲ್ಲಿ ಇರುತ್ತದೆ, ಕಾಯಿಲೆ ಮಾತ್ರ ಎಲ್ಲರಿಗೂ ಬರುವುದಿಲ್ಲ. ಹಾಗಾಗಿ ಪೂರ್ತಿ ಕಾರಣ ಅದೊಂದೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಜಗತ್ತಿನಲ್ಲಿ ಸುಮಾರು 19 ಕೋಟಿ ಜನರಿಗೆ, ಅಂದರೆ ಮಕ್ಕಳಾಗುವ ವಯಸ್ಸಿನ ಹತ್ತು ಹೆಂಗಸರಲ್ಲಿ ಒಬ್ಬರಿಗೆ ಇದು ಇದೆ.

ಸರಿ, ಹೊಟ್ಟೆ ಯಾಕೆ ಊದುತ್ತದೆ? ಒಂದೇ ಕಾರಣ ಹೇಳುವವರನ್ನು ನಂಬಬೇಡಿ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಪ್ರೊಜೆಸ್ಟೆರಾನ್ ಹಾರ್ಮೋನು ಕರುಳಿನ ಓಟವನ್ನು ನಿಧಾನ ಮಾಡುತ್ತದೆ. ಮಲ ಕಟ್ಟುತ್ತದೆ, ಗಾಳಿ ನಿಲ್ಲುತ್ತದೆ. ಮುಟ್ಟು ಶುರುವಾದಾಗ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳು ಗರ್ಭಕೋಶವನ್ನು ಹಿಂಡುತ್ತವೆ, ಪಕ್ಕದ ಕರುಳನ್ನೂ ಬಿಡುವುದಿಲ್ಲ. ಆಗ ಭೇದಿ. ಇದು ಎಲ್ಲ ಹೆಂಗಸರಿಗೂ ಸ್ವಲ್ಪ ಗೊತ್ತಿರುವುದೇ. ಎಂಡೊಮೆಟ್ರಿಯೋಸಿಸ್ ಇದ್ದರೆ ಇದರ ಮೇಲೆ ಉರಿಯೂತ ಸೇರುತ್ತದೆ. ಕೆಲವೊಮ್ಮೆ ಅಂಗಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ನರಗಳು ಎಷ್ಟು ಸೂಕ್ಷ್ಮ ಆಗಿರುತ್ತವೆ ಅಂದರೆ, ಬೇರೆಯವರಿಗೆ ತಿಳಿಯದಷ್ಟು ಗಾಳಿಯೂ ಇವರಿಗೆ ನೋವು. ಕರುಳಿನ ಮೇಲೆ ಕಾಯಿಲೆ ಇಲ್ಲದವರಿಗೂ ಹೊಟ್ಟೆ ಹೀಗೆ ಊದುತ್ತದೆ. ಅದಕ್ಕೇ ಎಷ್ಟೋ ಜನರಿಗೆ ಮೊದಲು ಸಿಗುವ ಚೀಟಿ ಐಬಿಎಸ್ (ಕರುಳು ಪದೇ ಪದೇ ಕೆರಳುವ ತೊಂದರೆ) ಅಥವಾ ಅಸಿಡಿಟಿಯದ್ದು. ನನಗೂ ಹಾಗೇ ಆಯಿತು. ಎರಡು ವರ್ಷ ಗ್ಯಾಸಿನ ಮಾತ್ರೆ ನುಂಗಿದೆ.

ಮಾತ್ರೆಗಳ ಪಾಲೂ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಜಾಸ್ತಿ ರಕ್ತ ಹೋಗುತ್ತದೆ ಅಂತ ಕೊಡುವ ಕಬ್ಬಿಣದ ಮಾತ್ರೆ ಮಲ ಕಟ್ಟಿಸುತ್ತದೆ. ನಮ್ಮಲ್ಲಿ ಹುಡುಗಿಯರ ಬ್ಯಾಗಿನಲ್ಲಿ ಸಾಮಾನ್ಯವಾಗಿ ಇರುವ ಮೆಫ್ತಾಲ್ ಸ್ಪಾಸ್‌ನಲ್ಲಿ ಎರಡು ಔಷಧಿಗಳಿವೆ. ಮೆಫೆನಾಮಿಕ್ ಆಸಿಡ್ ಪ್ರೊಸ್ಟಾಗ್ಲಾಂಡಿನ್ ತಗ್ಗಿಸುತ್ತದೆ, ಆದರೆ ಖಾಲಿ ಹೊಟ್ಟೆಗೆ ಆಗಿಬರುವುದಿಲ್ಲ. ಡೈಸೈಕ್ಲೋಮಿನ್ ಸೆಳೆತ ಬಿಡಿಸುತ್ತದೆ, ಜೊತೆಗೆ ಕರುಳನ್ನೂ ಮಂದ ಮಾಡಬಹುದು. ಅಂದರೆ ನೋವು ಇಳಿದು ಉಬ್ಬರ ಉಳಿಯುವ ಸಾಧ್ಯತೆ ಇದೆ. ಹಾಗಂತ ನೀವೇ ಮಾತ್ರೆ ಬಿಡಬೇಡಿ, ಡಾಕ್ಟರ ಹತ್ತಿರ ಈ ಮಾತು ಎತ್ತಿ.

ಇನ್ನು ಅಡುಗೆಮನೆ. ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದವರು ಫಾಡ್‌ಮ್ಯಾಪ್ ಎಂದು ಕರೆದ ಕೆಲವು ಸಕ್ಕರೆಗಳಿವೆ. ಸಣ್ಣ ಕರುಳಿನಲ್ಲಿ ಸರಿಯಾಗಿ ಹೀರಲ್ಪಡದೆ ದೊಡ್ಡ ಕರುಳಿಗೆ ಹೋಗಿ, ಅಲ್ಲಿ ಹುಳಿಯುತ್ತವೆ. ದೋಸೆ ಹಿಟ್ಟು ರಾತ್ರಿಯಿಡೀ ಉಬ್ಬಿ ಪಾತ್ರೆ ಮೀರುತ್ತದಲ್ಲ, ಹಾಗೇ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಹಾಲು, ಬೇಳೆಕಾಳು, ಹೂಕೋಸು ಎಲ್ಲ ಈ ಪಟ್ಟಿಯಲ್ಲಿ ಬರುತ್ತವೆ. ಇವನ್ನು ಕಡಿಮೆ ಮಾಡಿದಾಗ ಎಂಡೊಮೆಟ್ರಿಯೋಸಿಸ್ ಇರುವ ಹಲವರಿಗೆ ಹೊಟ್ಟೆ ಹಗುರಾಗಿದೆ. ಆದರೆ ಇದು ಜೀವನವಿಡೀ ಮಾಡುವ ಪಥ್ಯ ಅಲ್ಲ. ಎರಡರಿಂದ ಆರು ವಾರ ಬಿಟ್ಟು, ಆಮೇಲೆ ಒಂದೊಂದೇ ವಾಪಸ್ ತಂದು, ಯಾವುದು ತನಗೆ ಆಗುವುದಿಲ್ಲ ಅಂತ ಪತ್ತೆ ಮಾಡುವ ಲೆಕ್ಕಾಚಾರ. ಡಯಟಿಶಿಯನ್ ಜೊತೆಗಿದ್ದರೆ ಒಳ್ಳೆಯದು. ಸುಮ್ನೆ ಎಲ್ಲ ಬಿಟ್ಟು ಕೂತರೆ ಮೊದಲೇ ರಕ್ತ ಕಡಿಮೆ ಇರುವ ಮೈ ಇನ್ನೂ ಸೊರಗುತ್ತದೆ.

ನಮ್ಮ ಊಟಕ್ಕೆ ಇದು ಅಷ್ಟು ಕಷ್ಟವೂ ಅಲ್ಲ. ಅನ್ನ ಇದ್ದೇ ಇದೆ. ಈರುಳ್ಳಿ ಬೆಳ್ಳುಳ್ಳಿ ಇಲ್ಲದೆ ಇಂಗು ಹಾಕಿ ಸಾರು ಮಾಡುವುದು ಎಷ್ಟೋ ಮನೆಗಳಿಗೆ ಮೊದಲಿಂದ ಗೊತ್ತು. ಬೆಳ್ಳುಳ್ಳಿ ಇಲ್ಲದೆ ಗಂಟಲಲ್ಲಿ ಇಳಿಯದವರಿಗೆ ಒಂದು ಉಪಾಯ: ಒಗ್ಗರಣೆ ಎಣ್ಣೆಯಲ್ಲಿ ಜಜ್ಜದ ಎಸಳು ಹಾಕಿ, ಘಮ ಬಂದ ಮೇಲೆ ಎಸಳನ್ನು ಎತ್ತಿ ಎಸೆಯಿರಿ. ತೊಂದರೆ ಕೊಡುವ ಸಕ್ಕರೆ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಇಲ್ಲ. ಅದೇ ಕಾರಣಕ್ಕೆ ಕಾಳು ನೆನೆಸಿದ ನೀರನ್ನು ಚೆಲ್ಲಿಬಿಡಿ. ಅವರೆಕಾಯಿ ಸೀಸನ್‌ನಲ್ಲಿ ಏನು ಮಾಡೋದು ಅಂತ ಕೇಳಬೇಡಿ. ನಾನು ಮುಟ್ಟಿನ ವಾರ ತಪ್ಪಿಸಿ ತಿನ್ನುತ್ತೇನೆ, ಬಿಡೋಕಾಗಲ್ಲ.

ಊದಿಕೊಂಡ ದಿನ ಮಾತ್ರ ಬಿಸಿನೀರಿನ ಚೀಲಕ್ಕೆ ಸಮ ಯಾವುದೂ ಇಲ್ಲ. ಬಟ್ಟೆಯಲ್ಲಿ ಸುತ್ತಿ ಕೆಳಹೊಟ್ಟೆ ಮೇಲೆ ಹದಿನೈದು ನಿಮಿಷ. ಆಮೇಲೆ ಮನೆಯೊಳಗೇ ಮೆಲ್ಲಗೆ ಓಡಾಟ. ಪವನಮುಕ್ತಾಸನ ಅಂತ ಹೆಸರಿಟ್ಟವರಿಗೆ ವಿಷಯ ಗೊತ್ತಿತ್ತು ನೋಡಿ: ಅಂಗಾತ ಮಲಗಿ ಮಂಡಿಯನ್ನು ಎದೆಗೆ ತಂದು ತಬ್ಬಿಕೊಂಡರೆ ಗಾಳಿ ದಾರಿ ಹುಡುಕಿಕೊಳ್ಳುತ್ತದೆ. ಓಮ, ಜೀರಿಗೆ, ಶುಂಠಿ ಕಷಾಯ ಹಿತ ಅನ್ನಿಸಿದರೆ ಕುಡಿಯಿರಿ, ಕಾಯಿಲೆ ಅದರಿಂದ ಹೋಗುವುದಿಲ್ಲ. 'ಹೊಟ್ಟೆ ಕರಗಿಸುವ' ಡಿಟಾಕ್ಸ್ ಟೀ ಮಾತ್ರ ಬೇಡವೇ ಬೇಡ. ಹಲವದರಲ್ಲಿ ಇರುವುದು ಸೋನಾಮುಖಿ ಎಲೆ, ಭೇದಿ ಮಾಡಿಸುವಂಥದ್ದು.

ಮಲದಲ್ಲಿ ರಕ್ತ, ನಿಲ್ಲದ ವಾಂತಿ, ಗಾಳಿಯೂ ಮಲವೂ ಹೊರಗೆ ಹೋಗದೆ ಹೊಟ್ಟೆ ಬಿಗಿದುಕೊಳ್ಳುವುದು, ತೂಕ ಇಳಿಯುವುದು ಇದ್ದರೆ ಇದನ್ನು ಎಂಡೋ ಬೆಲ್ಲಿ ಅಂತ ಸುಮ್ಮನಾಗಬೇಡಿ. ಮುಟ್ಟಿನ ಲೆಕ್ಕಕ್ಕೆ ಸಿಗದೆ ವಾರಗಟ್ಟಲೆ ಇಳಿಯದ ಉಬ್ಬರವನ್ನೂ, ಅದರಲ್ಲೂ ಐವತ್ತು ದಾಟಿದ್ದರೆ, ಅಂಡಾಶಯದ ಪರೀಕ್ಷೆ ಮಾಡಿಸದೆ ಬಿಡಬಾರದು. ಅಂಡಾಶಯದ ಕ್ಯಾನ್ಸರಿನ ಅನುಮಾನ ಇದ್ದಾಗ ಮಾಡಿಸುವ ಸಿಎ-125 ರಕ್ತಪರೀಕ್ಷೆ ಜಾಸ್ತಿ ಬಂತು ಅಂತ ರಾತ್ರಿಯೆಲ್ಲ ಮೊಬೈಲು ತಿರುವುವವರಿಗೆ ಒಂದು ಮಾತು: ಎಂಡೊಮೆಟ್ರಿಯೋಸಿಸ್‌ನಲ್ಲೂ ಅದು ಏರುತ್ತದೆ.

ಡಾಕ್ಟರ ಮುಂದೆ "ಗ್ಯಾಸ್ ಆಗುತ್ತೆ" ಅಂದರೆ ಗ್ಯಾಸಿನ ಮಾತ್ರೆಯೇ ಸಿಗುತ್ತದೆ. ನಾನು ಕೊನೆಗೆ ಮಾಡಿದ್ದು ಇಷ್ಟು. ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕ ಬರೆಯುವ ಜಾಗದಲ್ಲೇ, ಹೊಟ್ಟೆ ಊದಿದ ದಿನಕ್ಕೆ ಸುತ್ತು, ಮುಟ್ಟಿನ ದಿನಕ್ಕೆ ಅಡ್ಡಗೆರೆ ಹಾಕಿದೆ. ಮೂರು ತಿಂಗಳ ಹಾಳೆ ಕಿತ್ತು ಡಾಕ್ಟರ ಮೇಜಿನ ಮೇಲಿಟ್ಟೆ. ಅವರು ಒಂದು ನಿಮಿಷ ನೋಡಿ, "ಮಲ ಹೋಗುವಾಗ ಆ ದಿನಗಳಲ್ಲಿ ಮಾತ್ರ ನೋಯುತ್ತಾ?" ಅಂತ ಕೇಳಿದರು. ಅಷ್ಟು ವರ್ಷದಲ್ಲಿ ಆ ಪ್ರಶ್ನೆ ಕೇಳಿದ್ದು ಅವರೊಬ್ಬರೇ.