ಷಿಯರ್ ಪ್ರೋಬ್ ದತ್ತಾಂಶ: ಮೊದಲು ವೇಗ ಸರಿಯಿರಲಿ

ಸಮುದ್ರದ ಪ್ರಕ್ಷುಬ್ಧತೆ ಅಳೆಯುವ ಷಿಯರ್ ಪ್ರೋಬ್ ನಮಗೆ ಕೊಡುವುದು ವೋಲ್ಟೇಜ್ ಮಾತ್ರ. ರಬ್ಬರ್ ತುದಿಯೊಳಗಿನ ಪೀಜೋ ಸೆರಾಮಿಕ್ ಪಟ್ಟಿ ಅಡ್ಡ ಹರಿವಿಗೆ ಬಾಗಿದಾಗ ಅದು ಹುಟ್ಟುತ್ತದೆ. ಆ ವೋಲ್ಟೇಜಿನ ಏರಿಳಿತವನ್ನು ಷಿಯರ್ (ಆಳದೊಂದಿಗೆ ಹರಿವಿನ ವೇಗ ಬದಲಾಗುವ ದರ) ಮಾಡಬೇಕಾದರೆ ಉಪಕರಣ ಇಳಿಯುವ ವೇಗದ ವರ್ಗದಿಂದ ಭಾಗಿಸಬೇಕು. ಶಕ್ತಿ ಕರಗುವ ದರ ಎಪ್ಸಿಲಾನ್‌ಗೆ ಷಿಯರ್‌ನ ವರ್ಗ ಬೇಕು. ಹಾಗಾಗಿ ವೇಗದ ತಪ್ಪು ನಾಲ್ಕನೇ ಘಾತಕ್ಕೆ ಏರುತ್ತದೆ: ಸೆಕೆಂಡಿಗೆ 0.65 ಮೀಟರ್ ಇಳಿಯುತ್ತಿರುವಾಗ 0.70 ಎಂದು ಹಾಕಿದರೆ ಎಪ್ಸಿಲಾನ್ ಶೇ. 26ರಷ್ಟು ಕಡಿಮೆ ಬರುತ್ತದೆ. ಒತ್ತಡದ ದತ್ತಾಂಶದಿಂದ ವೇಗ ತೆಗೆಯುವಾಗ ಅದನ್ನು ಮೊದಲು ನಯಗೊಳಿಸಿ, ಆಮೇಲೆ ಅವಕಲಿಸಿ. ಉಪಕರಣಕ್ಕೆ ಕಟ್ಟಿದ ಹಗ್ಗ ಬಿಗಿಯಾಗಿ ವೇಗ ತಡವರಿಸಿದ ಭಾಗಗಳನ್ನು ಬಿಟ್ಟುಬಿಡಿ.

ಪ್ಲವಕ ಜೀವಿಗಳು ತುದಿಗೆ ತಾಗಿದರೆ ಮೊನಚು ಏರಿಕೆಗಳು ಬರುತ್ತವೆ. ಸಂಕೇತದ ನಿರಪೇಕ್ಷ ಮೌಲ್ಯವನ್ನು ಅದರದೇ ನಯವಾದ ಸರಾಸರಿಗೆ ಹೋಲಿಸಿ, ಸುಮಾರು 8 ಪಟ್ಟು ಮೀರಿದ್ದನ್ನು ತೆಗೆದು ಅಕ್ಕಪಕ್ಕದ ಸರಾಸರಿ ತುಂಬಿಸಿ. ದತ್ತಾಂಶದ ಒಂದು ತುಂಡಿನಲ್ಲಿ ಶೇ. 5ಕ್ಕಿಂತ ಹೆಚ್ಚು ಬದಲಾಯಿಸಬೇಕಾಗಿ ಬಂದರೆ ಆ ತುಂಡೇ ಬೇಡ.

ಉಪಕರಣದ ಕಂಪನವನ್ನು ಆಕ್ಸೆಲೆರೋಮೀಟರ್ (ಕಂಪನ ಅಳೆಯುವ ಸಂವೇದಕ) ಸಂಕೇತದೊಂದಿಗಿನ ಸುಸಂಗತತೆ, ಅಂದರೆ ಎರಡೂ ಒಟ್ಟಿಗೆ ಏರಿಳಿಯುವ ಮಟ್ಟ, ಬಳಸಿ ಕಳೆಯುತ್ತೇವೆ. ಇಲ್ಲಿ ಹಲವರು ಒಂದು ವಿಷಯ ಮರೆಯುತ್ತಾರೆ: ಕಂಪನ ಇರಲಿ ಬಿಡಲಿ, ಈ ವಿಧಾನ ಷಿಯರ್‌ನ ಸ್ಪೆಕ್ಟ್ರಮ್‌ನಿಂದ (ಯಾವ ಆವರ್ತನದಲ್ಲಿ ಎಷ್ಟು ಶಕ್ತಿ ಎಂಬ ಹಂಚಿಕೆ) ಸ್ವಲ್ಪ ನಿಜವಾದ ಶಕ್ತಿಯನ್ನೂ ಕದಿಯುತ್ತದೆ. 8 ಸೆಕೆಂಡಿನ ತುಂಡು, 2 ಸೆಕೆಂಡಿನ ಎಫ್‌ಎಫ್‌ಟಿ (ಸಂಕೇತವನ್ನು ಆವರ್ತನಗಳಾಗಿ ಒಡೆಯುವ ಲೆಕ್ಕ), ಅರ್ಧಕ್ಕರ್ಧ ಅತಿಕ್ರಮಣ ಎಂದರೆ 7 ಖಂಡಗಳು. ಎರಡು ಆಕ್ಸೆಲೆರೋಮೀಟರ್ ಬಳಸಿದರೆ ಸ್ಪೆಕ್ಟ್ರಮ್ ಸುಮಾರು 0.71 ಪಟ್ಟಿಗೆ ಇಳಿಯುತ್ತದೆ. ಅಷ್ಟರಿಂದಲೇ ಭಾಗಿಸಿ ಸರಿಪಡಿಸಬೇಕು.

ನಂತರ ಪ್ರಕ್ಷುಬ್ಧತೆಯ ಮಾದರಿ ರೇಖೆಯಾದ ನ್ಯಾಸ್ಮಿತ್ ಸ್ಪೆಕ್ಟ್ರಮ್‌ನ ಜೊತೆ ಹೋಲಿಕೆ. ಎಪ್ಸಿಲಾನ್ ಪ್ರತಿ ಕೆ.ಜಿ.ಗೆ 10ರ ಮೈನಸ್ 9ನೇ ಘಾತದ ವ್ಯಾಟ್ ಇದ್ದಾಗ ಷಿಯರ್ ವ್ಯತ್ಯಯದ (ಏರಿಳಿತದ ವರ್ಗದ ಸರಾಸರಿ) ಶೇ. 95 ಭಾಗ ಮೀಟರಿಗೆ ಸುಮಾರು 21 ಆವರ್ತಗಳೊಳಗೆ ಮುಗಿಯುತ್ತದೆ. ಮೈನಸ್ 5ನೇ ಘಾತವಾದರೆ 214ರವರೆಗೆ ಚಾಚುತ್ತದೆ. ಪ್ರೋಬಿನ ತುದಿಯ ಗಾತ್ರದಿಂದಾಗಿ 150ರಾಚೆ ನಂಬಿಕೆ ಇಲ್ಲ. ಆದ್ದರಿಂದ ಪ್ರಬಲ ಪ್ರಕ್ಷುಬ್ಧತೆಗೆ ಸ್ಪೆಕ್ಟ್ರಮ್ ಪೂರ್ತಿ ಕೂಡಿಸುವ ಸಂಕಲನದ ಬದಲು ಜಡತ್ವದ ಉಪವಲಯಕ್ಕೆ (ಸ್ನಿಗ್ಧತೆಯ ಪ್ರಭಾವ ಇನ್ನೂ ತಟ್ಟದ ದೊಡ್ಡ ಸುಳಿಗಳ ಭಾಗ) ಹೊಂದಿಸುವುದೇ ಸರಿ. ಸ್ನಿಗ್ಧತೆ ಸ್ಥಳೀಯ ತಾಪಮಾನದಿಂದ ಬರಲಿ: ಅರಬ್ಬಿ ಸಮುದ್ರದ 28 ಡಿಗ್ರಿಯ ಮೇಲ್ಪದರಕ್ಕೂ 9 ಡಿಗ್ರಿಯ ಆಳಕ್ಕೂ ಅದು ಸುಮಾರು ಒಂದೂವರೆ ಪಟ್ಟು ವ್ಯತ್ಯಾಸ. ಸಂಕಲನದಲ್ಲಿ ಎಪ್ಸಿಲಾನ್ ನೇರವಾಗಿ ಅದಕ್ಕೆ ಅನುಪಾತದಲ್ಲಿದೆ.

ಎರಡು ಪ್ರೋಬ್‌ಗಳ ಉತ್ತರ ಬೇರೆಯಾದರೆ ಚಿಕ್ಕದನ್ನು ಆರಿಸಿ. ಕಂಪನವೂ ಮೊನಚೂ ಶಕ್ತಿ ಸೇರಿಸುತ್ತವೆಯೇ ಹೊರತು ಕಳೆಯುವುದಿಲ್ಲ. ಆದರೆ ಒಂದು ಪ್ರೋಬ್ ಇಡೀ ಇಳಿತದಲ್ಲೂ ಒಂದೇ ಸಮನೆ ಕಡಿಮೆ ಹೇಳುತ್ತಿದ್ದರೆ ಅದರ ಸಂವೇದನಾಂಕವನ್ನು (ಎಷ್ಟು ಹರಿವಿಗೆ ಎಷ್ಟು ವೋಲ್ಟೇಜ್ ಎಂಬ ಸಂಖ್ಯೆ), ತುದಿಗೆ ನೀರು ಒಸರಿದೆಯೇ ಎಂಬುದನ್ನು ನೋಡಿ.